ಪಾರ್ಟ್ ಟೈಮ್ ಕೆಲಸ: ಲೆಕ್ಕಕ್ಕುಂಟು, ಆಟಕ್ಕಿಲ್ಲ

ಪ್ರಶ್ನೆ: ಸರ್, ನಿರುದ್ಯೋಗ ಕಮ್ಮಿ ಆಗ್ತಿದೆ ಅಂತ ನ್ಯೂಸಲ್ಲಿ ಓದ್ತಾನೇ ಇರ್ತೀವಿ. ಆದ್ರೆ ನನ್ನ ಸುತ್ತಮುತ್ತ ನೋಡಿದ್ರೆ ಫುಲ್ ಟೈಮ್ ಇರೋರು ಕಮ್ಮಿ ಆಗಿ ಪಾರ್ಟ್ ಟೈಮ್ ಮಾಡೋರೇ ಜಾಸ್ತಿ ಆಗ್ತಿದ್ದಾರೆ, ಕೆಲವರಂತೂ ಎರಡೆರಡು ಕಡೆ. ಗಂಟೆ ಲೆಕ್ಕದಲ್ಲಿ ನೋಡಿದ್ರೆ ಸಂಬಳ ಅಷ್ಟೇನೂ ಕೆಟ್ಟದಾಗಿಲ್ಲ, ಆದ್ರೂ ಯಾರ ಕೈಲೂ ದುಡ್ಡು ನಿಲ್ತಿಲ್ಲ. ಇದು ಯಾಕೆ ಹೀಗೆ? ಇನ್ನೊಂದು, ನಂಗೆ ಚಿಕ್ಕ ಮಗು ಇದೆ, ಈಗಿರೋ ಆಫೀಸಲ್ಲೇ ಅರ್ಧ ಟೈಮ್ ಮಾಡಿ ಅಂತಿದ್ದಾರೆ. ಒಪ್ಕೋಬೋದಾ?

ಉತ್ತರ: ಮೇಡಂ, ನೀವು ಕೇಳಿರೋದು ಎರಡು ಪ್ರಶ್ನೆ ಥರ ಕಂಡ್ರೂ ಬೇರು ಒಂದೇ. ಪಾರ್ಟ್ ಟೈಮ್ ಅಂತ ಮಾತು ಬಂದಾಗೆಲ್ಲ ಗಂಟೆಗೆ ಎಷ್ಟು ಕೊಡ್ತಾರೆ ಅಂತ ಕೇಳೋರೇ ಎಲ್ಲಾ, ಎಷ್ಟು ಗಂಟೆ ಅನ್ನೋದು ಯಾರ ಕೈಲಿದೆ ಅಂತ ಕೇಳೋರು ತೀರಾ ಕಮ್ಮಿ. ಬದುಕಿನ ಮಟ್ಟ ಏರೋದು ಇಳಿಯೋದು ಈ ಎರಡನೇ ಪ್ರಶ್ನೆ ಮೇಲೇ ಜಾಸ್ತಿ ನಿಂತಿದೆ ಅನ್ನೋದು ಇಷ್ಟು ವರ್ಷ ಈ ವಿಷಯ ಓದಿ ಪಾಠ ಮಾಡಿದ ಮೇಲೆ ನಾನು ಬಂದು ನಿಂತಿರೋ ಜಾಗ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಮೊದಲು ಆ ನ್ಯೂಸ್ ವಿಷಯ ಮುಗಿಸೋಣ. ನಿರುದ್ಯೋಗ ಇಳೀತು ಅಂತ ಹೇಳೋ ಸರ್ವೇಗಳಲ್ಲಿ ಕೆಲಸ ಇದೆ ಅಂತ ಬರ್ಕೊಳ್ಳೋಕೆ ಬೇಕಾಗಿರೋದು ಎಷ್ಟು ಗೊತ್ತಾ, ವಾರಕ್ಕೆ ಒಂದು ಗಂಟೆ. ಹೌದು, ಒಂದೇ ಗಂಟೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಆಶ್ರಯದಲ್ಲಿ ಅಂಕಿಅಂಶ ತಜ್ಞರು 1982ರಲ್ಲಿ ಸೇರಿ ಮಾಡಿದ ನಿಯಮ ಅದು, 2013ರಲ್ಲಿ ವ್ಯಾಖ್ಯೆ ಎಲ್ಲ ತಿದ್ದಿದಾಗಲೂ ಆ ಒಂದು ಗಂಟೆಯನ್ನ ಹಾಗೇ ಉಳಿಸ್ಕೊಂಡ್ರು. ಇದರಲ್ಲಿ ಮೋಸ ಏನಿಲ್ಲ, ದೇಶದಲ್ಲಿ ನಡೆಯೋ ಎಲ್ಲಾ ದುಡಿಮೆಯನ್ನೂ ಹಿಡೀಬೇಕು ಅಂದ್ರೆ ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ಲ. ಆದ್ರೆ ವಾರಕ್ಕೆ 6 ಗಂಟೆ ಕೆಲಸ ಸಿಕ್ಕವನೂ 48 ಗಂಟೆ ದುಡಿದವನೂ ಆ ಪಟ್ಟೀಲಿ ಒಂದೊಂದು ತಲೆ ಅಷ್ಟೇ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಇವ್ರದ್ದು ಅದರ ಉಲ್ಟಾ, ಲೆಕ್ಕಕ್ಕುಂಟು ಆಟಕ್ಕಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದೂರಲ್ಲಿ 100 ಜನ ವಾರಕ್ಕೆ 40 ಗಂಟೆ ಕೆಲಸ ಮಾಡ್ತಿದ್ರು, ಒಟ್ಟು 4000 ಗಂಟೆ. ಆಮೇಲೆ ಏನಾಯ್ತು ಅಂದ್ರೆ 80 ಜನಕ್ಕೆ ಮಾತ್ರ 40 ಗಂಟೆ ಉಳೀತು, ಮಿಕ್ಕ ಕೆಲಸನ ತಲಾ 20 ಗಂಟೆ ಅಂತ 40 ಜನಕ್ಕೆ ಹಂಚಿದ್ರು. 80 ಸಲ 40 ಅಂದ್ರೆ 3200, 40 ಸಲ 20 ಅಂದ್ರೆ 800, ಒಟ್ಟು ಅದೇ 4000 ಗಂಟೆ. ಆದ್ರೆ ಕೆಲಸದಲ್ಲಿರೋರು ಈಗ 120 ಜನ! ಉದ್ಯೋಗ ನೂರಕ್ಕೆ 20ರಷ್ಟು ಏರಿತು ಅಂತ ಹೆಡ್‌ಲೈನ್ ಹಾಕ್ಬೋದು, ಅದು ಸುಳ್ಳೂ ಅಲ್ಲ, ಆದ್ರೆ ಆ ಊರಲ್ಲಿ ಒಂದು ಗಂಟೆ ಕೆಲಸಾನೂ ಹೊಸದಾಗಿ ಹುಟ್ಟಿಲ್ಲ. ನೀವು ನ್ಯೂಸಲ್ಲಿ ಓದೋದಕ್ಕೂ ಸುತ್ತ ನೋಡೋದಕ್ಕೂ ತಾಳೆ ಆಗ್ತಿಲ್ಲ ಅಂತೀರಲ್ಲ, ಎರಡೂ ನಿಜ ಆಗಿರೋಕೆ ಸಾಧ್ಯ ಅಂತ ತೋರಿಸೋಕೆ ಇಷ್ಟು ಹೇಳಿದೆ.

ಪಾರ್ಟ್ ಟೈಮ್ ಅಂದ್ರೆ ಎಷ್ಟು ಗಂಟೆ ಅನ್ನೋದಕ್ಕೆ ಎಲ್ಲಾ ಕಡೆ ಒಂದೇ ಅಳತೆ ಇಲ್ಲ. ಶ್ರೀಮಂತ ದೇಶಗಳ ಕೂಟ ಒಇಸಿಡಿ ಮುಖ್ಯ ಕೆಲಸದಲ್ಲಿ ವಾರಕ್ಕೆ 30 ಗಂಟೆಗಿಂತ ಕಮ್ಮಿ ಇದ್ರೆ ಪಾರ್ಟ್ ಟೈಮ್ ಅನ್ನುತ್ತೆ, ಅಮೆರಿಕದ ಅಂಕಿಅಂಶ ಇಲಾಖೆಯದ್ದು 35, ಕಾರ್ಮಿಕ ಸಂಘಟನೆಯ 1994ರ ಒಪ್ಪಂದ ಸಂಖ್ಯೆನೇ ಹೇಳಲ್ಲ, ಅದೇ ಥರದ ಕೆಲಸ ಮಾಡೋ ಫುಲ್ ಟೈಮ್‌ನವರಿಗಿಂತ ಕಮ್ಮಿ ಇದ್ರೆ ಸಾಕು ಅಂತ ಬಿಡುತ್ತೆ. ಅದಕ್ಕೇ ಎರಡು ದೇಶದ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸೋ ಲೇಖನಗಳನ್ನ ಸ್ವಲ್ಪ ಹುಷಾರಾಗಿ ಓದ್ಬೇಕು. ಇರ್ಲಿ, ಇದು ದೊಡ್ಡ ವಿಷಯ ಅಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆ, ಗಂಟೆ ಸಂಬಳ ಚೆನ್ನಾಗಿದ್ರೂ ಕೈಲಿ ಯಾಕೆ ನಿಲ್ಲಲ್ಲ. ಯಾಕಂದ್ರೆ ಸಂಬಳ ಗಂಟೆ ಲೆಕ್ಕದಲ್ಲಿ ಬರುತ್ತೆ, ಖರ್ಚು ಗಂಟೆ ಲೆಕ್ಕದಲ್ಲಿ ಬರಲ್ಲ. ಮನೆ ಬಾಡಿಗೆ ಅರ್ಧ ದಿನಕ್ಕೆ ಅರ್ಧ ಅಂತ ತಗೊಳ್ಳೋ ಓನರ್ ಎಲ್ಲಾದ್ರೂ ಇದ್ದಾರಾ? ಸಾಲದ ಕಂತು, ಮಗುವಿನ ಫೀಸು, ಕರೆಂಟಿನ ಮಿನಿಮಮ್ ಬಿಲ್ಲು, ಫೋನು, ಇನ್ಶೂರೆನ್ಸು, ಇದ್ಯಾವುದೂ ನೀವು 20 ಗಂಟೆ ಮಾಡಿದ್ರಾ 40 ಮಾಡಿದ್ರಾ ಅಂತ ಕೇಳಲ್ಲ. ಸುಮ್ನೆ ಲೆಕ್ಕಕ್ಕೆ ಗಂಟೆಗೆ 100 ಅಂತ ಇಟ್ಕೊಳ್ಳಿ, ಯಾವ ದೇಶದ ದುಡ್ಡಾದ್ರೂ ಆಗ್ಲಿ. 40 ಗಂಟೆಗೆ ವಾರಕ್ಕೆ 4000. ಅದರಲ್ಲಿ ತಪ್ಪಿಸೋಕೆ ಆಗದ ಖರ್ಚು 1500 ಹೋದ್ರೆ ಉಳಿಯೋದು 2500. ಈಗ 20 ಗಂಟೆ, ಮತ್ತೆ ಪಾರ್ಟ್ ಟೈಮ್ ಅಂತ ಗಂಟೆಗೆ 10 ಕಮ್ಮಿ, ಅಂದ್ರೆ ವಾರಕ್ಕೆ 1800. ಅದೇ 1500 ಕಳೆದ್ರೆ ಉಳಿಯೋದು 300. ನೋಡಿ, ಗಂಟೆ ಸಂಬಳ ಹತ್ತರಲ್ಲಿ ಒಂದು ಪಾಲು ಇಳೀತು, ವಾರದ ಸಂಬಳ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂತು, ಆದ್ರೆ ಊಟ ಬಟ್ಟೆ ಔಷಧಿ ಉಳಿತಾಯ ಅಂತ ಕೈಲಿ ಉಳಿಯೋದು ಸುಮಾರು ಎಂಟರಲ್ಲಿ ಒಂದು ಪಾಲಾಯ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬುದ್ಧಿ ಹೇಳೋರು ಇಲ್ಲಿ ಒಂದು ಮರೀತಾರೆ, ಹಾಸಿಗೆಯ ಮುಕ್ಕಾಲು ಭಾಗದ ಮೇಲೆ ಬಾಡಿಗೆಯವರು ಕಂತಿನವರು ಆಗ್ಲೇ ಮಲಗಿರ್ತಾರೆ.

ಇನ್ನೂ ಒಂದು ಇದೆ, ಇದನ್ನ ಯಾರೂ ಹೇಳಲ್ಲ. ಆ 20 ಗಂಟೆ ವಾರದಲ್ಲಿ ಹೇಗೆ ಹರಡಿದೆ ಅನ್ನೋದು. ದಿನಕ್ಕೆ 4 ಗಂಟೆ ಥರ 5 ದಿನ ಕರೆದ್ರೆ, ಹೋಗೋಕೆ ಒಂದು ಗಂಟೆ ಬರೋಕೆ ಒಂದು ಗಂಟೆ ಅಂತ ಓಡಾಟಕ್ಕೇ 10 ಗಂಟೆ, ಒಟ್ಟು 30 ಗಂಟೆ ಮನೆಯಿಂದ ಆಚೆ, ಸಿಕ್ಕಿದ್ದು 1800, ಅಂದ್ರೆ ನಿಜವಾಗಿ ಗಂಟೆಗೆ 60. ಅದೇ 20 ಗಂಟೆನ 3 ದಿನಕ್ಕೆ ಕಟ್ಟಿದ್ರೆ ಓಡಾಟ 6 ಗಂಟೆ, ಆಗ ಗಂಟೆಗೆ 69 ಬೀಳುತ್ತೆ. ಫುಲ್ ಟೈಮ್‌ನವರಿಗೆ ಇದೇ ಲೆಕ್ಕದಲ್ಲಿ 80. ಕಾಗದದ ಮೇಲೆ 100ಕ್ಕೂ 90ಕ್ಕೂ ಇರೋ ಸಣ್ಣ ವ್ಯತ್ಯಾಸ ರಸ್ತೆ ಮೇಲೆ 80ಕ್ಕೂ 60ಕ್ಕೂ ಬಂದು ನಿಲ್ತು, ಬಸ್ ಚಾರ್ಜು ಪೆಟ್ರೋಲು ನಾನಿನ್ನೂ ಸೇರಿಸೇ ಇಲ್ಲ. ಎರಡು ಕಡೆ ಪಾರ್ಟ್ ಟೈಮ್ ಮಾಡೋ ನಿಮ್ಮ ಪರಿಚಯದವರದ್ದು ಇನ್ನೂ ಕಷ್ಟ. 20 ಜೊತೆ 20 ಸೇರಿ 40 ಆಯ್ತಲ್ಲ ಅಂತ ಅನ್ಸುತ್ತೆ, ಆದ್ರೆ ಓಡಾಟ ಡಬಲ್, ಇಬ್ಬರು ಬಾಸ್‌ಗಳ ಶಿಫ್ಟ್ ಒಂದರ ಮೇಲೊಂದು ಬೀಳದ ಹಾಗೆ ನೋಡ್ಕೋಬೇಕು, ಒಂದು ಕಡೆ ಲೇಟಾದ್ರೆ ಇನ್ನೊಂದು ಕಡೆ ಬೈಗುಳ. ವಾರಕ್ಕೆ 50 ಗಂಟೆ ದುಡಿದ್ರೂ ಸಾಮಾನ್ಯವಾಗಿ ಓವರ್‌ಟೈಮ್ ಅಂತ ಒಂದು ಕಾಸೂ ಬರಲ್ಲ, ಯಾಕಂದ್ರೆ ಪ್ರತಿ ಕಂಪನಿಯವನ ಕಣ್ಣಿಗೂ ಅವರು 25 ಗಂಟೆಯವರೇ.

ನಾನು ಓದ್ತಿದ್ದ ದಿನಗಳಲ್ಲಿ ಒಂದು ದೊಡ್ಡ ಅಂಗಡಿಯ ಗೋಡೌನಲ್ಲಿ ಸಂಜೆ ಶಿಫ್ಟ್ ಮಾಡ್ತಿದ್ದೆ. ಮುಂದಿನ ವಾರದ ಪಟ್ಟಿ ಭಾನುವಾರ ಸಂಜೆ ನೋಟಿಸ್ ಬೋರ್ಡಿಗೆ ಅಂಟಿಸೋರು. ಬೋರ್ಡಿನ ಮುಂದೆ ನಿಂತು ನಮ್ಮ ಹೆಸರು ಎಷ್ಟು ಸಲ ಇದೆ ಅಂತ ಬೆರಳಿಟ್ಟು ಎಣಿಸ್ತಿದ್ವಿ. ಒಂದು ವಾರ 28 ಗಂಟೆ, ಮುಂದಿನ ವಾರ 11. ನಮ್ಮ ಜೊತೆ ಎರಡು ಮಕ್ಕಳ ತಾಯಿ ಒಬ್ರಿದ್ರು, ಅವರು ಗಂಟೆ ಜಾಸ್ತಿ ಬಂದ ವಾರಾನೂ ಖುಷಿ ಪಡ್ತಿರ್ಲಿಲ್ಲ. ಯಾಕಂದ್ರೆ ಆ ವಾರ ಮಕ್ಕಳನ್ನ ನೋಡ್ಕೊಳ್ಳೋಕೆ ಯಾರನ್ನೋ ಹುಡುಕಿ ದುಡ್ಡು ಕೊಡ್ಬೇಕು, ಕಮ್ಮಿ ಬಂದ ವಾರ ಆ ಮನುಷ್ಯರನ್ನ ಬೇಡ ಅನ್ಬೇಕು, ಮತ್ತೆ ಬೇಕಾದಾಗ ಅವರು ಸಿಗಲ್ಲ. ಸೂಪರ್‌ವೈಸರ್ ಜೊತೆ ಒಂದು ಸಲ ವಾದ ಮಾಡಿದ್ರು ಅಂತ ಮುಂದಿನ ಎರಡು ವಾರ ಅವರ ಹೆಸರು ಬೋರ್ಡಲ್ಲಿ ಒಂದೊಂದೇ ಸಲ ಇತ್ತು. ಕೆಲಸದಿಂದ ತೆಗೆದಿಲ್ಲ, ನೋಟಿಸ್ ಇಲ್ಲ, ಸಂಬಳ ಕಟ್ ಇಲ್ಲ, ಬರೀ ಗಂಟೆ ಇಲ್ಲ. ಯಾವ ಕಾನೂನಿನ ಕೈಗೂ ಸಿಗದ ಶಿಕ್ಷೆ ಅದು. ಗಂಟೆ ಯಾರ ಕೈಲಿದೆ ಅಂತ ನಾನು ಮೇಲೆ ಕೇಳಿದ್ದು ಆವತ್ತಿನಿಂದ ನನ್ನ ತಲೇಲಿ ಕೂತಿರೋ ಪ್ರಶ್ನೆ.

ಈಗ ಆ ನೋಟಿಸ್ ಬೋರ್ಡು ಮೊಬೈಲ್ ಆಪ್ ಆಗಿದೆ, ಅಷ್ಟೇ ವ್ಯತ್ಯಾಸ, ವಾರಕ್ಕೊಂದು ಸಲ ಬದಲಾಗ್ತಿದ್ದದ್ದು ದಿನಕ್ಕೆ ಮೂರು ಸಲ ಬದಲಾಗ್ಬೋದು. ಬ್ರಿಟನ್ನಲ್ಲಿ ಇದರ ತುತ್ತತುದಿ ಝೀರೋ ಅವರ್ ಕಾಂಟ್ರಾಕ್ಟ್, ಕಂಪನಿ ಒಂದು ಗಂಟೆನೂ ಕೊಡ್ತೀನಿ ಅಂತ ಮಾತು ಕೊಟ್ಟಿರಲ್ಲ, ಕರೆದಾಗ ಹೋದ್ರೆ ಉಂಟು. ನ್ಯೂಜಿಲೆಂಡ್ 2016ರಲ್ಲಿ ಅಂಥ ಕಾಂಟ್ರಾಕ್ಟಿಗೆ ಕಡಿವಾಣ ಹಾಕ್ತು, ಐರ್ಲೆಂಡ್ ಕೆಲವು ಸಂದರ್ಭ ಬಿಟ್ಟು ಮಿಕ್ಕಿದ್ದಕ್ಕೆಲ್ಲ 2019ರಿಂದ ನಿಲ್ಲಿಸ್ತು. ಅಮೆರಿಕದ ಒರೆಗಾನ್ ರಾಜ್ಯ 2017ರಲ್ಲಿ ದೊಡ್ಡ ಅಂಗಡಿ, ಹೋಟೆಲ್, ರೆಸ್ಟೋರೆಂಟ್‌ಗಳು ಶಿಫ್ಟ್ ಪಟ್ಟಿಯನ್ನ ಮುಂಚೆನೇ ಕೊಡ್ಬೇಕು ಅಂತ ಕಾನೂನು ಮಾಡಿತು, ಮೊದ್ಲು 7 ದಿನ ಇದ್ದದ್ದು 2020ರಿಂದ 14 ದಿನ ಆಯ್ತು. ಫ್ರಾನ್ಸ್ ಇನ್ನೊಂದು ದಾರಿ ಹಿಡೀತು, 2013ರ ಕಾನೂನಲ್ಲಿ ಪಾರ್ಟ್ ಟೈಮ್ ಕಾಂಟ್ರಾಕ್ಟ್ ಅಂದ್ರೆ ವಾರಕ್ಕೆ ಕನಿಷ್ಠ 24 ಗಂಟೆ ಇರ್ಬೇಕು ಅಂದ್ರು, ಆಮೇಲೆ ಅದಕ್ಕೆ ವಿನಾಯಿತಿಗಳ ಸಾಲೇ ಬಂತು ಅನ್ನೋದು ಬೇರೆ ಮಾತು. ಈ ನಾಲ್ಕರಲ್ಲಿ ಯಾವುದೂ ಗಂಟೆ ಸಂಬಳದ ಬಗ್ಗೆ ಅಲ್ಲ ಅನ್ನೋದನ್ನ ಗಮನಿಸಿ.

ಕಂಪನಿಗಳಿಗೆ ಇದು ಯಾಕೆ ಇಷ್ಟ ಅಂತ ಕೇಳಿದ್ರೆ ಎಲ್ಲಾ ದುಷ್ಟತನ ಅಂತ ಹೇಳೋಕಾಗಲ್ಲ. ಫ್ಯಾಕ್ಟರಿ ಕಾಲದಲ್ಲಿ ಮೆಷಿನ್ ಬೆಳಗ್ಗಿಂದ ಸಂಜೆ ತನಕ ಒಂದೇ ಸಮ ಓಡ್ತಿತ್ತು, ಜನಾನೂ ಹಾಗೇ ಬೇಕಿತ್ತು. ಅಂಗಡಿ, ಹೋಟೆಲ್, ಡೆಲಿವರಿ, ಕಾಲ್ ಸೆಂಟರ್, ವೃದ್ಧರ ಆರೈಕೆ ಇಂಥ ಕಡೆ ಹಾಗಲ್ಲ, ಮಧ್ಯಾಹ್ನ ಎರಡು ಗಂಟೆ ಜಾತ್ರೆ, ಆಮೇಲೆ ನೊಣ ಹೊಡೆಯೋದು, ಮತ್ತೆ ಸಂಜೆ ಜಾತ್ರೆ. ಆ ಎರಡು ಜಾತ್ರೆಗೆ ಮಾತ್ರ ಜನ ಸಾಕು ಅಂತ ಮಾಲೀಕ ಅನ್ಕೊಂಡ್ರೆ ಅವನ ಲೆಕ್ಕದಲ್ಲಿ ತಪ್ಪಿಲ್ಲ. ಮೊದ್ಲು ನೊಣ ಹೊಡೆಯೋ ಹೊತ್ತಿನ ಸಂಬಳ ಮಾಲೀಕ ಕೊಡ್ತಿದ್ದ, ಈಗ ಆ ಹೊತ್ತಿನ ನಷ್ಟ ಕೆಲಸದವರ ತಲೆ ಮೇಲೆ ಬಂದಿದೆ, ನಡೆದಿರೋದು ಅಷ್ಟೇ. ಇದರ ಮೇಲೆ ಸರ್ಕಾರಗಳು ಹಾಕಿದ ಗೆರೆಗಳೂ ಸೇರ್ಕೊಂಡವು. ಅಮೆರಿಕದ 2010ರ ಆರೋಗ್ಯ ವಿಮೆ ಕಾನೂನಿನ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಂಪನಿ ವಾರಕ್ಕೆ 30 ಗಂಟೆ ದುಡಿಯೋರಿಗೆ ವಿಮೆ ಕೊಡ್ಬೇಕು ಇಲ್ಲಾ ದಂಡ ಕಟ್ಬೇಕು. ಹಾಗಂದ ಮೇಲೆ 29 ಗಂಟೆಯ ಶಿಫ್ಟು ಯಾಕೆ ಹುಟ್ಟುತ್ತೆ ಅಂತ ಬಿಡಿಸಿ ಹೇಳ್ಬೇಕಾ?

ಕೆಲಸದವರ ಕಡೆಯಿಂದಲೂ ಗೆರೆ ಇದೆ, ಜಪಾನ್ ಉದಾಹರಣೆ ನಂಗೆ ತುಂಬಾ ಇಷ್ಟ, ಪಾಠದಲ್ಲಿ ಯಾವಾಗ್ಲೂ ಹೇಳ್ತೀನಿ. ಅಲ್ಲಿ ಗಂಡನ ವಿಮೆ ಪಿಂಚಣಿಯ ನೆರಳಲ್ಲಿರೋ ಹೆಂಡತಿ ವರ್ಷಕ್ಕೆ 13 ಲಕ್ಷ ಯೆನ್ ದಾಟಿ ದುಡಿದ್ರೆ ಆ ನೆರಳಿಂದ ಆಚೆ ಬಂದು ತನ್ನ ಪಿಂಚಣಿ ತನ್ನ ಆರೋಗ್ಯ ವಿಮೆ ತಾನೇ ಕಟ್ಬೇಕು, ಜನ ಅದನ್ನ ಗೋಡೆ ಅಂತಾನೇ ಕರೀತಾರೆ. ಗೋಡೆ ಒಂದಲ್ಲ, ತೆರಿಗೆಗೆ ಬಹಳ ವರ್ಷ 10.3 ಲಕ್ಷದ ಗೋಡೆ ಇತ್ತು, ದೊಡ್ಡ ಕಂಪನಿಯಲ್ಲಿ ವಾರಕ್ಕೆ 20 ಗಂಟೆ ಮಾಡೋರಿಗೆ 10.6 ಲಕ್ಷದ್ದು ಇನ್ನೊಂದು. ಸರಿ, ಈಗ ಮಜಾ ನೋಡಿ. 2020ರಲ್ಲಿ ಜಪಾನಿನ ಕನಿಷ್ಠ ಕೂಲಿಯ ಸರಾಸರಿ ಗಂಟೆಗೆ 902 ಯೆನ್ ಇತ್ತು, 2024ರಲ್ಲಿ 1055 ಆಯ್ತು. ಕೂಲಿ ಏರಿತು ಅಂತ ಖುಷಿ ಪಡೋಣ ಅಂದ್ರೆ, 902ರಲ್ಲಿ 13 ಲಕ್ಷ ಮುಟ್ಟೋಕೆ ವರ್ಷಕ್ಕೆ 1441 ಗಂಟೆ ದುಡೀಬೋದಿತ್ತು, 1055 ಆದ ಮೇಲೆ 1232 ಗಂಟೆಗೇ ಗೋಡೆ ಅಡ್ಡ ಬರುತ್ತೆ. ಅಂದ್ರೆ ಕೂಲಿ ಏರಿದಷ್ಟೂ ಕೆಲಸ ಬಿಡ್ಬೇಕು, ವರ್ಷದ ಆದಾಯ ಇದ್ದಲ್ಲೇ ಇರುತ್ತೆ. ಅಂಗಡಿಗಳಿಗೆ ಜನ ಬೇಕೇಬೇಕು ಅನ್ನೋ ವರ್ಷದ ಕೊನೆ ತಿಂಗಳಲ್ಲೇ ಈ ಹೆಂಗಸರು ಕ್ಯಾಲೆಂಡರ್ ನೋಡಿ ಇನ್ನು ಇಷ್ಟೇ ಗಂಟೆ ಬರ್ತೀವಿ ಅಂತ ನಿಲ್ಲಿಸ್ತಾರೆ, ಅವರದ್ದು ಸೋಮಾರಿತನ ಅಲ್ಲ, ಶುದ್ಧ ಲೆಕ್ಕ. ಸರ್ಕಾರ ಈಗೀಗ ಗೋಡೆಗಳನ್ನ ಜರುಗಿಸ್ತಾ ಇದೆ, ಆದ್ರೆ ದಶಕಗಟ್ಟಲೆ ಇದ್ದ ಗೋಡೆಗೆ ತಕ್ಕ ಹಾಗೆ ಎಷ್ಟೋ ಮನೆಗಳ ಬದುಕೇ ಕಟ್ಕೊಂಡಿದೆ.

ಜರ್ಮನಿಯ ಮಿನಿ ಜಾಬ್ ಇದರ ಇನ್ನೊಂದು ರೂಪ. 2003ರ ಸುಧಾರಣೆಯಲ್ಲಿ ತಿಂಗಳಿಗೆ 400 ಯೂರೋ ತನಕ ದುಡಿದ್ರೆ ಕೆಲಸದವರ ಕೈಗೆ ಹೆಚ್ಚುಕಮ್ಮಿ ಪೂರ್ತಿ ಬರ್ಲಿ, ನಿರುದ್ಯೋಗಿಗಳು ಇದನ್ನೇ ಮೆಟ್ಟಿಲು ಮಾಡ್ಕೊಂಡು ದೊಡ್ಡ ಕೆಲಸಕ್ಕೆ ಹತ್ಲಿ ಅನ್ನೋ ಆಸೆ ಇತ್ತು. ಮೆಟ್ಟಿಲು ಏನೋ ಮಾಡಿದ್ರು, ಎಷ್ಟೋ ಜನ ಅದರ ಮೇಲೇ ಕೂತ್ಬಿಟ್ರು, ಯಾಕಂದ್ರೆ ಮುಂದಿನ ಮೆಟ್ಟಿಲಿಗೆ ಕಾಲಿಟ್ಟ ತಕ್ಷಣ ಕಡಿತ ಶುರು. 2022ರಿಂದ ಆ ಮಿತಿಯನ್ನ ಕನಿಷ್ಠ ಕೂಲಿಗೆ ಗಂಟು ಹಾಕಿ ವಾರಕ್ಕೆ ಸುಮಾರು 10 ಗಂಟೆ ಅಂತ ಇಟ್ಟಿದ್ದಾರೆ. ಇವತ್ತಿಗೂ 70 ಲಕ್ಷಕ್ಕೂ ಹೆಚ್ಚು ಜನ ಈ ಥರ ಕೆಲಸದಲ್ಲಿದ್ದಾರೆ, ಸ್ಟೂಡೆಂಟು, ರಿಟೈರ್ ಆದವರು, ಬೇರೆ ಕೆಲಸ ಇದ್ದು ಇದನ್ನ ಕೈಖರ್ಚಿಗೆ ಮಾಡೋರಿಗೆ ಸರಿ, ಇದನ್ನೇ ನಂಬಿ ಇಪ್ಪತ್ತು ವರ್ಷ ಕಳೆದವರಿಗೆ ಪಿಂಚಣಿ ಅಂತ ಬರೋದು ಪುಡಿಗಾಸು.

ಹಾಗಾದ್ರೆ ಪಾರ್ಟ್ ಟೈಮ್ ಅಂದ್ರೆ ಬಡತನದ ದಾರಿ ಅಂತ ಹೇಳಿ ಮುಗಿಸೋಣ್ವಾ? ಇಲ್ಲ, ಇಲ್ಲೇ ನನ್ನ ಎಷ್ಟೋ ಸಹೋದ್ಯೋಗಿಗಳ ಜೊತೆ ನನಗೆ ಜಗಳ. ನೆದರ್‌ಲೆಂಡ್ಸ್ ನೋಡಿ. ಒಇಸಿಡಿ ಅಳತೇಲಿ ಕೆಲಸದಲ್ಲಿರೋರಲ್ಲಿ ಮೂರರಲ್ಲಿ ಒಂದು ಪಾಲಿಗೂ ಜಾಸ್ತಿ ಪಾರ್ಟ್ ಟೈಮ್, ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ, ಪಾರ್ಟ್ ಟೈಮಲ್ಲಿ ಅವರನ್ನ ಮೀರಿಸೋ ಶ್ರೀಮಂತ ದೇಶ ಇಲ್ಲ. ಆದ್ರೂ ಅದು ಯೂರೋಪಿನ ಸುಖವಾಗಿರೋ ದೇಶಗಳಲ್ಲಿ ಒಂದು. ಅದರ ಹಿಂದೆ ಒಂದು ಕಥೆ ಇದೆ. 1980ರ ಆಸುಪಾಸು ಅಲ್ಲಿ ನಿರುದ್ಯೋಗ ಕೈಮೀರಿ ಹೋಗಿತ್ತು, 1982ರ ನವೆಂಬರಲ್ಲಿ ವಾಸೆನಾರ್ ಅನ್ನೋ ಊರಲ್ಲಿ ಕಾರ್ಮಿಕ ಸಂಘದ ವಿಮ್ ಕೋಕ್ ಮತ್ತು ಮಾಲೀಕರ ಒಕ್ಕೂಟದವರು ಕೂತು ಒಂದು ಒಪ್ಪಂದಕ್ಕೆ ಬಂದ್ರು, ಸಂಬಳ ಏರಿಸಿ ಅಂತ ನಾವು ಹಠ ಮಾಡಲ್ಲ, ನೀವು ಕೆಲಸದ ಹೊತ್ತು ಕಮ್ಮಿ ಮಾಡಿ ಇರೋ ಕೆಲಸ ಹಂಚಿ ಅಂತ. (ಈ ಕೋಕ್ ಆಮೇಲೆ 1994ರಿಂದ 2002ರ ತನಕ ಪ್ರಧಾನಿ ಆಗಿದ್ರು.) ಅಲ್ಲಿ ತನಕ ಅಲ್ಲಿನ ಹೆಂಗಸರು ಸಂಬಳದ ಕೆಲಸಕ್ಕೆ ಬರ್ತಿದ್ದದ್ದೇ ಕಮ್ಮಿ, ಪಾರ್ಟ್ ಟೈಮ್ ಬಾಗಿಲು ತೆಗೆದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಬಂದ್ರು. ಒಬ್ಬರ ಸಂಬಳದಲ್ಲಿದ್ದ ಮನೆಗೆ ಒಂದೂವರೆ ಸಂಬಳ ಬಂತು. ಮೇಲೆ ಹೇಳಿದ 120 ಜನದ ಲೆಕ್ಕ ಇಲ್ಲಿ ಬೇರೆ ಥರ ಓದ್ಕೋಬೇಕು, ಆ 40 ಜನ ಫುಲ್ ಟೈಮ್ ಕಳ್ಕೊಂಡವರಾ ಅಥವಾ ಮೊದ್ಲು ಏನೂ ಇಲ್ಲದೆ ಈಗ 20 ಗಂಟೆ ಸಿಕ್ಕವರಾ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಡಚ್ಚರು ಮುಖ್ಯವಾಗಿ ಮಾಡಿದ್ದು ಅದಾದ ಮೇಲೆ. 1996ರಲ್ಲಿ ಗಂಟೆ ಕಮ್ಮಿ ಅಂತ ಸಂಬಳ ರಜೆ ಸವಲತ್ತಲ್ಲಿ ಭೇದ ಮಾಡೋ ಹಾಗಿಲ್ಲ ಅಂತ ಕಾನೂನು ತಂದ್ರು, 2000ದಲ್ಲಿ ಕೆಲಸದವರು ತಮ್ಮ ಗಂಟೆ ಕಮ್ಮಿ ಮಾಡಿ ಅಂತಲೂ ಜಾಸ್ತಿ ಮಾಡಿ ಅಂತಲೂ ಕೇಳೋ ಹಕ್ಕು ಕೊಟ್ರು, ಗಟ್ಟಿ ಕಾರಣ ಇಲ್ಲದೆ ಕಂಪನಿ ಇಲ್ಲ ಅನ್ನೋಕಾಗಲ್ಲ. ಜಾಸ್ತಿ ಮಾಡಿ ಅಂತ ಕೇಳೋ ಹಕ್ಕು, ಅದನ್ನ ಎರಡು ಸಲ ಓದಿ. ಅಲ್ಲಿ ಪಾರ್ಟ್ ಟೈಮ್ ಅಂದ್ರೆ ಅಂಚಿಗೆ ತಳ್ಳಿದ ಕೆಲಸ ಅಲ್ಲ, ಡಾಕ್ಟರೂ ಮಾಡ್ತಾರೆ, ಮೇಷ್ಟ್ರೂ ಮಾಡ್ತಾರೆ. ಇಟಲಿಗೆ ಬನ್ನಿ, 2010ರ ದಶಕದಲ್ಲಿ ಅಲ್ಲಿನ ಪಾರ್ಟ್ ಟೈಮ್‌ನವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫುಲ್ ಟೈಮ್ ಸಿಗದೆ ಇದಕ್ಕೆ ಬಂದವರು. ಹೆಸರು ಎರಡೂ ಕಡೆ ಪಾರ್ಟ್ ಟೈಮೇ, ಒಂದು ಕಡೆ ಅದು ಆರಾಮ, ಇನ್ನೊಂದು ಕಡೆ ಅರೆಹೊಟ್ಟೆ.

ಆ ಅರೆಹೊಟ್ಟೆ ಬರೀ ಆ ಮನೆಗೆ ಸೇರಿದ್ದಲ್ಲ, ಫುಲ್ ಟೈಮ್ ಇರೋರ ಸಂಬಳಕ್ಕೂ ಅದರ ಬಿಸಿ ತಟ್ಟುತ್ತೆ. 2008ರ ಆರ್ಥಿಕ ಬಿಕ್ಕಟ್ಟಲ್ಲಿ ಅಮೆರಿಕದಲ್ಲಿ ಬೇರೆ ದಾರಿ ಇಲ್ಲದೆ ಪಾರ್ಟ್ ಟೈಮ್ ಮಾಡ್ತಿದ್ದೋರು ಸುಮಾರು 45 ಲಕ್ಷ ಇದ್ದದ್ದು 90 ಲಕ್ಷದ ಹತ್ರ ಹೋಯ್ತು. ಬ್ರಿಟನ್ನಲ್ಲಿ 7 ಲಕ್ಷದಷ್ಟಿದ್ದದ್ದು 2013ರ ಹೊತ್ತಿಗೆ 14 ಲಕ್ಷ ದಾಟಿತು. ಆಮೇಲೆ ನಿರುದ್ಯೋಗ ಇಳೀತಾ ಬಂತು, ಆದ್ರೆ ಸಂಬಳ ಏರ್ಲೇ ಇಲ್ಲ, ಪಂಡಿತರೆಲ್ಲ ತಲೆ ಕೆರ್ಕೊಂಡ್ರು. ಡೇವಿಡ್ ಬ್ಲಾಂಚ್‌ಫ್ಲವರ್ ಅನ್ನೋ ಅರ್ಥಶಾಸ್ತ್ರಜ್ಞ ಮೊದಲಿಂದ ಹೇಳ್ತಾ ಬಂದಿರೋದು ಇದನ್ನೇ, ನಿರುದ್ಯೋಗಿಗಳನ್ನ ಮಾತ್ರ ಎಣಿಸ್ಬೇಡಿ, ಇನ್ನಷ್ಟು ಗಂಟೆ ಬೇಕು ಅಂತ ಕಾಯ್ತಿರೋರನ್ನೂ ಎಣಿಸಿ ಅಂತ. ಮಾಲೀಕನ ಜಾಗದಲ್ಲಿ ನಿಂತು ನೋಡಿ ಗೊತ್ತಾಗುತ್ತೆ. ಆರ್ಡರ್ ಜಾಸ್ತಿ ಬಂತು, ಕೆಲಸಕ್ಕೆ ಜನ ಬೇಕು. ಮೊದ್ಲಾದ್ರೆ ಹೊರಗಿನವರನ್ನ ಸೆಳೆಯೋಕೆ ಸಂಬಳ ಏರಿಸ್ಬೇಕಿತ್ತು. ಈಗ ಒಳಗೇ 20 ಗಂಟೆಯ ಹತ್ತು ಜನ ಇನ್ನೂ ಐದು ಗಂಟೆ ಸಿಕ್ರೆ ಸಾಕಪ್ಪಾ ಅಂತ ಕೂತಿದ್ದಾರೆ, ಅವರಿಗೆ ಗಂಟೆ ಕೊಟ್ರೆ ಆಯ್ತು, ಹಳೇ ರೇಟಲ್ಲೇ. ಸಂಬಳ ಏರಿಸಿ ಅಂತ ಕೇಳೋ ಧೈರ್ಯ ಅಲ್ಲಿ ಯಾರಿಗಿರುತ್ತೆ, ಬೋರ್ಡಿನ ಮೇಲೆ ಹೆಸರು ಉಳಿದ್ರೆ ಸಾಕು ಅನ್ನೋ ಸ್ಥಿತೀಲಿ.

ಇನ್ನು ನಿಮ್ಮ ಸ್ವಂತ ವಿಷಯ. ಚಿಕ್ಕ ಮಗು ಇದೆ, ಗಂಟೆ ಕಮ್ಮಿ ಆದ್ರೆ ಮನೇಲಿ ಉಸಿರಾಡ್ಬೋದು, ಅದಕ್ಕೂ ಬೆಲೆ ಇದೆ. ಬದುಕಿನ ಮಟ್ಟ ಅಂದ್ರೆ ಬರೀ ಸಂಬಳದ ಚೀಟಿ ಅಲ್ಲ, ಮಗು ಜೊತೆ ಕಳೆಯೋ ಸಂಜೇನೂ ಅದರಲ್ಲಿ ಬರುತ್ತೆ. ಹಾಗಾಗಿ ಬೇಡ ಅಂತ ನಾನು ಹೇಳಲ್ಲ. ಆದ್ರೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ತೋರಿಸಿರೋದನ್ನ ತಲೇಲಿ ಇಟ್ಕೊಳ್ಳಿ, ಒಳ್ಳೇ ಸಂಬಳದ ಎಷ್ಟೋ ಕೆಲಸಗಳಲ್ಲಿ ಸಂಬಳ ಗಂಟೆಗೆ ಸರಿಯಾಗಿ ಏರಲ್ಲ, ಯಾವಾಗ ಕರೆದ್ರೂ ಬರೋರಿಗೆ, ಉದ್ದಕ್ಕೆ ಕೂತು ದುಡಿಯೋರಿಗೆ ಗಂಟೆ ಗಂಟೆಗೂ ಜಾಸ್ತಿ ಕೊಡ್ತಾರೆ. ಆ ಕಡೆಯಿಂದ ನೋಡಿದ್ರೆ ಅರ್ಧದಷ್ಟೇ ಗಂಟೆ ಮಾಡೋರಿಗೆ ಅರ್ಧ ಸಂಬಳವೂ ಬರಲ್ಲ, ಪ್ರಮೋಷನ್ನಂತೂ ಎದುರು ಮನೆಗೆ ಹೋಗುತ್ತೆ. ಐದು ವರ್ಷ ಆದ ಮೇಲೆ ಮಗು ಸ್ಕೂಲಿಗೆ ಹೋಗ್ತಿದೆ, ನಾನು ಈಗ ಪೂರ್ತಿ ಬರ್ತೀನಿ ಅಂದಾಗ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರ್ತಾರೆ.

ಅದಕ್ಕೇ ನಾನು ನಿಮ್ಮ ಜಾಗದಲ್ಲಿದ್ರೆ ಸಂಬಳದ ಮಾತಿಗಿಂತ ಮೊದ್ಲು ವಾಪಸ್ ಟಿಕೆಟ್ ಕೇಳ್ತಿದ್ದೆ. ಎಷ್ಟು ದಿನಕ್ಕೆ ಈ ಅರ್ಧ ಟೈಮು, ಆಮೇಲೆ ಫುಲ್ ಟೈಮಿಗೆ ಬರೋದು ನನ್ನ ಹಕ್ಕಾ ಅಥವಾ ನಿಮ್ಮ ಮರ್ಜಿಯಾ, ಅದು ಲೆಟರಲ್ಲಿ ಬರುತ್ತಾ ಇಲ್ವಾ. ಜರ್ಮನಿ 2019ರಲ್ಲಿ ಇದನ್ನ ಕಾನೂನೇ ಮಾಡಿಬಿಡ್ತು, 45 ಜನಕ್ಕಿಂತ ಜಾಸ್ತಿ ಇರೋ ಕಂಪನೀಲಿ ಒಂದರಿಂದ ಐದು ವರ್ಷ ಗಂಟೆ ಕಮ್ಮಿ ಮಾಡ್ಕೊಂಡು ಆಮೇಲೆ ಹಳೇ ಗಂಟೆಗೆ ವಾಪಸ್ ಬರ್ಬೋದು, ಅದಕ್ಕೆ ಅವರು ಸೇತುವೆ ಅನ್ನೋ ಹೆಸರಿಟ್ಟಿದ್ದಾರೆ. ನಿಮಗೆ ಅಂಥ ಕಾನೂನು ಇಲ್ಲದಿದ್ರೂ ಕೇಳೋಕೆ ದುಡ್ಡು ಕೊಡ್ಬೇಕಾ, ಅವರಾಗೇ ಬಂದು ಅರ್ಧ ಟೈಮ್ ಮಾಡಿ ಅಂತಿದ್ದಾರೆ ಅಂದ್ರೆ ಅವರಿಗೂ ಏನೋ ಲಾಭ ಇದೆ, ಚೌಕಾಸಿ ಮಾಡೋ ಸಮಯ ಇದೇ. ಸಹಿ ಹಾಕಿದ ಮೇಲೆ ನಿಮ್ಮ ಮಾತಿಗೆ ಈಗಿನ ತೂಕ ಇರಲ್ಲ.

ಕನಿಷ್ಠ ಗಂಟೆ ಬರೆಸ್ಕೊಳ್ಳಿ, ಸುಮಾರು 20 ಅಂತ ಬೇಡ, 20 ಅಂತಾನೇ ಇರ್ಲಿ. ಯಾವ ದಿನ ಯಾವ ಹೊತ್ತು ಅನ್ನೋದು ಫಿಕ್ಸ್ ಇರ್ಲಿ, ಸಾಧ್ಯ ಆದ್ರೆ ಐದು ಅರ್ಧ ದಿನದ ಬದಲು ಎರಡೂವರೆ ಇಲ್ಲಾ ಮೂರು ದಿನ ಮಾಡಿ ಅಂತ ಕೇಳಿ, ಮೇಲಿನ ಓಡಾಟದ ಲೆಕ್ಕ ನೆನಪಿದೆಯಲ್ಲ. ಪಿಂಚಣಿ, ವಿಮೆ, ಹೆರಿಗೆ ರಜೆ, ಗ್ರಾಚ್ಯುಟಿ ಇಂಥದ್ದಕ್ಕೆಲ್ಲ ಎಷ್ಟು ಗಂಟೆ ಅಥವಾ ಎಷ್ಟು ಸಂಬಳದ ಗೆರೆ ಇದೆ ಅಂತ ಎಚ್‌ಆರ್ ಹತ್ರ ಕೇಳಿ ತಿಳ್ಕೊಳ್ಳಿ, ಗೆರೆಗಿಂತ ಒಂದೆರಡು ಗಂಟೆ ಕೆಳಗೆ ನಿಮ್ಮನ್ನ ನಿಲ್ಲಿಸಿದ್ರೆ ಅದು ಸಾಮಾನ್ಯವಾಗಿ ಕಾಕತಾಳೀಯ ಇರಲ್ಲ. ಕೆಲಸದ ಹೊರೆ ಬಗ್ಗೆನೂ ಮಾತಾಡಿ, ಗಂಟೆ ಅರ್ಧ ಮಾಡಿ ಕೆಲಸ ಮಾತ್ರ ಮುಕ್ಕಾಲು ಉಳಿಸಿ ಮಿಕ್ಕಿದ್ದನ್ನ ಮನೇಲಿ ಕೂತು ರಾತ್ರಿ ಮುಗಿಸೋ ಹಾಗೆ ಮಾಡೋದನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂರೋದಾದ್ರೆ ಅದು ಪಾರ್ಟ್ ಟೈಮ್ ಕೆಲಸ ಅಲ್ಲ, ಪಾರ್ಟ್ ಟೈಮ್ ಸಂಬಳ ಅಷ್ಟೇ.

ಇವತ್ತು ರಾತ್ರಿ ಒಂದು ಹಾಳೆ ತಗೊಂಡು ಮೊದ್ಲು ನಿಮ್ಮ ತಪ್ಪಿಸೋಕಾಗದ ಖರ್ಚು ಬರೀರಿ, ನಾನು 1500 ಅಂತ ಇಟ್ಟ ಜಾಗಕ್ಕೆ ನಿಮ್ಮ ನಂಬರ್ ಹಾಕಿ. ಹೊಸ ಸಂಬಳದಿಂದ ಅದನ್ನ ಕಳೀರಿ, ಮಗು ನೋಡ್ಕೊಳ್ಳೋಕೆ ಈಗ ಕೊಡ್ತಿರೋದರಲ್ಲಿ ಎಷ್ಟು ಉಳಿಯುತ್ತೋ ಅದನ್ನ ಸೇರಿಸಿ. ಬಂದ ಮೊತ್ತದಲ್ಲಿ ಒಂದು ವರ್ಷ ನೆಮ್ಮದಿಯಾಗಿ ಕಳೀಬೋದು ಅನ್ಸಿದ್ರೆ, ವಾಪಸ್ ಬರೋ ಮಾತು ಲೆಟರಲ್ಲಿದ್ರೆ, ಧೈರ್ಯವಾಗಿ ಒಪ್ಕೊಳ್ಳಿ. ವಾಪಸ್ ಬರೋ ಮಾತು ಆಮೇಲೆ ನೋಡೋಣ ಅಂತ ಬಾಯಲ್ಲಿ ಮಾತ್ರ ಹೇಳ್ತಿದ್ರೆ ಒಂದು ವಾರ ಟೈಮ್ ಕೇಳಿ, ಆ ಲೆಟರಲ್ಲಿ ಗಂಟೆ ಬಗ್ಗೆ ಏನು ಬರೆದಿದ್ದಾರೋ ಆ ಸಾಲನ್ನ ಹಾಗೇ ನಂಗೆ ಕಳ್ಸಿ, ಕಂಪನಿ ಹೆಸರು ಬೇಡ, ನೋಡಿ ಹೇಳ್ತೀನಿ.